ಮಳೆಯ ಲೆಕ್ಕ ಸರಿಯಿದೆ, ತೊಗರಿ ಸತ್ತಿದೆ: ಕೃಷಿ ಮತ್ತು ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೃಷಿ ಸಚಿವರಿಗೂ ಮಾನ್ಯ ಕಂದಾಯ ಸಚಿವರಿಗೂ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರ್ತಿಯೊಬ್ಬಳ ನಮಸ್ಕಾರಗಳು.

ಮಾನ್ಯರೇ,

ಎಳ್ಳ ಅಮಾವಾಸ್ಯೆಯಂದು ನಮ್ಮ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಭಜ್ಜಿ ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಂದಿಗೆ ಬೆಳೆಯ ನಡುವೆ ಕುಳಿತು ಉಣ್ಣುವ ಹಬ್ಬ ಅದು. ಆ ಹೊತ್ತಿಗೆ ತೊಗರಿ ಕಾಯಿ ತುಂಬಿ ಬಾಗಿರುತ್ತದೆ. ಭಜ್ಜಿಗೆ ಬೇಕಾದ ಹಸಿ ಕಾಳನ್ನು ಹಿಂದಿನ ದಿನ ಸಂಜೆ ನಮ್ಮದೇ ಸಾಲಿನಿಂದ ಬಿಡಿಸಿ ತರುವುದು ರೂಢಿ. ಈ ಸಲ ನಾನು ಅದನ್ನು ಸಂತೆಯಲ್ಲಿ ಕೊಂಡೆ. ಆರು ಎಕರೆ ತೊಗರಿ ಬಿತ್ತಿದ ಮನೆಯವಳು ಪಾವು ಕಿಲೊ ಹಸಿ ತೊಗರಿಗೆ ಸೆರಗಿನ ಗಂಟು ಬಿಚ್ಚುವುದನ್ನು ಕಂಡು ಮಾರುವ ಹೆಣ್ಣುಮಗಳೇ ಮುಖ ಪಕ್ಕಕ್ಕೆ ತಿರುಗಿಸಿದಳು.

ಹೊಲದಲ್ಲಿ ಚರಗ ಚೆಲ್ಲುತ್ತಾ ನಡೆದವಳು ಒಣಗಿ ನಿಂತ ಗಿಡವೊಂದನ್ನು ಹಿಡಿದು ಎಳೆದೆ. ತೊಗರಿ ಗಿಡ ಹಾಗೆಲ್ಲ ಕೈಗೆ ಬರುವಂಥದ್ದಲ್ಲ. ಅದರ ತಾಯಿಬೇರು ಕಪ್ಪು ಎರೆ ಮಣ್ಣಿನೊಳಗೆ ಆಳಕ್ಕೆ ಇಳಿದಿರುತ್ತದೆ, ಕೊಯ್ಲಿನಲ್ಲಿ ಕುಡುಗೋಲೇ ಬೇಕು. ಇದು ಒಂದೇ ಕೈಗೆ ಕಿತ್ತು ಬಂತು. ಗೇಣುದ್ದದ ಬೇರು; ಪಕ್ಕದ ಬೇರುಗಳೆಲ್ಲ ಮುರಿದು ಮಣ್ಣಿನಲ್ಲೇ ಉಳಿದಿದ್ದವು. ಉಗುರು ತಾಗಿಸಿದರೆ ತೊಗಟೆ ನಾರು ನಾರಾಗಿ ಸುಲಿಯಿತು, ಅದರಡಿಯಲ್ಲಿ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು. ಕಾಯಿ ಬಿಡಿಸಿದರೆ ಸುಕ್ಕುಗಟ್ಟಿದ ಎರಡು ಕಾಳು. ಇದನ್ನು ಒಣ ಬೇರು ಕೊಳೆ ಎನ್ನುತ್ತಾರೆ. ಗಿಡ ನಿಂತಲ್ಲೇ ಒಣಗಿದರೆ ನಮ್ಮ ಬಾಯಲ್ಲಿ ಎಲ್ಲವೂ ನೆಟೆ ರೋಗವೇ.

ಈ ಗಿಡ ಸತ್ತ ಬಗೆಯನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಸರ್ಕಾರದ ಯಾವ ಲೆಕ್ಕದಲ್ಲೂ ಅದು ಸತ್ತಿಲ್ಲ. ಮಳೆಯ ಲೆಕ್ಕದಲ್ಲಿ ನಮ್ಮಲ್ಲಿ ಕೊರತೆಯಾಗಿಲ್ಲ. ಸಮೀಕ್ಷೆಯ ಲೆಕ್ಕದಲ್ಲಿ ನನ್ನ ಹೊಲ ಹಸಿರಾಗಿತ್ತು. ವಿಮೆಯ ಲೆಕ್ಕದಲ್ಲಿ ಏನು ಬರುತ್ತದೆಯೋ ಗೊತ್ತಿಲ್ಲ, ಆದರೆ ಆ ಲೆಕ್ಕ ಹಾಕುವ ಬಗೆಯನ್ನು ನಾನು ಕುಳಿತು ಓದಿದ್ದೇನೆ; ಅದರ ಬಗ್ಗೆಯೂ ಹೇಳುವುದಿದೆ.

ಮೊದಲು ಮಳೆ. ನಮ್ಮ ಮಾವನವರು ನಕ್ಷತ್ರದ ಮೇಲೆ ಬೇಸಾಯ ಮಾಡಿದವರು. ರೋಹಿಣಿಗೆ ಹೊಲ ಹಸನು, ಮೃಗಶಿರಾ ಇಲ್ಲವೇ ಆರಿದ್ರಾಕ್ಕೆ ಬಿತ್ತಿಗೆ, ಪುಷ್ಯದ ಹೊತ್ತಿಗೆ ಸಾಲಿನ ನಡುವೆ ಎಡೆ ಹೊಡೆಯುವುದು, ಉತ್ತರೆ ಹಸ್ತಗಳಲ್ಲಿ ಒಂದು ಹದವಾದ ಮಳೆ, ಆಮೇಲೆ ಚಳಿ ಮತ್ತು ಇಬ್ಬನಿ. ತೊಗರಿಗೆ ಬೇಕಾದದ್ದು ಇಷ್ಟೇ. ಐದಾರು ತಿಂಗಳ ಬೆಳೆ, ಮಳೆ ನಿಂತ ಮೇಲೂ ಆಳದ ಹಸಿ ಹೀರಿಕೊಂಡು ಕಾಳು ಕಟ್ಟುವ ಬೆಳೆ. ನೀರಾವರಿ ಇಲ್ಲದ ಈ ನಾಡು ತೊಗರಿಯ ಕಣಜ ಎನಿಸಿಕೊಂಡದ್ದು ಇದೇ ಗುಣದಿಂದ. ಜಿಲ್ಲೆಯಲ್ಲಿ ಐದು ಲಕ್ಷ ಹೆಕ್ಟೇರಿನ ಆಸುಪಾಸು ಇದೇ ಒಂದು ಬೆಳೆ ನಿಲ್ಲುತ್ತದೆ. 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಗುರುತು ಬಂದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು.

ಈಗ ಮಳೆ ಬರುವ ರೀತಿಯೇ ಬದಲಾಗಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಿಡಿದಿಟ್ಟದ್ದನ್ನು ಒಮ್ಮೆಲೇ ಸುರಿಯುತ್ತದೆ, ಮತ್ತೆ ತುಂಬಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಹೊಲದಲ್ಲಿ ನಿಂತವರಿಗೆ ಅದು ಕಾಣುವುದು ಹೀಗೆ: ಹದಿನೈದು ದಿನ ಸೋನೆಯಾಗಿ ಬರಬೇಕಾದ ಮಳೆ ಎರಡು ರಾತ್ರಿಯಲ್ಲಿ ಬಂದು ಹೋಗುತ್ತದೆ. ತಿಂಗಳ ಕೊನೆಗೆ ಕೂಡಿದರೆ ಮಿಲಿಮೀಟರುಗಳು ಸರಿಯಾಗಿಯೇ ಇರುತ್ತವೆ. ತಾಲ್ಲೂಕಿನ ಸಭೆಯೊಂದರಲ್ಲಿ ನಾನು ಎದ್ದು ನಿಂತು ಕೇಳಿದಾಗ ಅಧಿಕಾರಿಯೊಬ್ಬರು, “ನಿಮ್ಮಲ್ಲಿ ವಾಡಿಕೆಗಿಂತ ಕಡಿಮೆ ಆಗಿಲ್ಲವಲ್ಲ ತಾಯಿ” ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಹಾಗೆಯೇ ಇತ್ತು.

2025ರ ಮುಂಗಾರಿನಲ್ಲಿ ನನ್ನ ಹೊಲದಲ್ಲಿ ಆದದ್ದನ್ನು ಹೇಳುತ್ತೇನೆ. ಬಿತ್ತಿಗೆ ಚೆನ್ನಾಗಿ ಆಯಿತು, ಮೊಳಕೆ ಚೆನ್ನಾಗಿ ಬಂತು. ಐವತ್ತು ದಿನಕ್ಕೆ ನಾನೇ ಆರೇಳು ಹೆಣ್ಣಾಳುಗಳ ಜೊತೆ ಸಾಲು ಹಿಡಿದು ಕುಡಿ ಚಿವುಟಿದೆ. ಕುಡಿ ಚಿವುಟಿದರೆ ಪಕ್ಕದ ಕೊಂಬೆ ಒಡೆದು ಹೂ ಹೆಚ್ಚುತ್ತದೆ. ಆಗಸ್ಟ್‌ನಲ್ಲಿ ಹೆಸರು ಕೊಯ್ಲಿಗೆ ಬಂದ ಹೊತ್ತಿಗೇ ಮಳೆ ಹಿಡಿಯಿತು. ಅಕ್ಕಪಕ್ಕದವರ ಹೆಸರು, ಉದ್ದು ಕಾಯಿಯಲ್ಲೇ ಮೊಳೆತವು. ಸೆಪ್ಟೆಂಬರ್‌ನಲ್ಲಿ ಮಳೆ ಇನ್ನೂ ಜೋರಾಯಿತು. ಭೀಮಾ ದಂಡೆಯ ಊರುಗಳು ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಹರಿದುಬಂದ ನೀರಿಗೆ ಮುಳುಗಿದ್ದನ್ನು ತಾವೂ ಕಂಡಿದ್ದೀರಿ. ನಮ್ಮದು ನದಿ ದಂಡೆಯಲ್ಲ. ನಮ್ಮ ಹೊಲದಲ್ಲಿ ನೀರು ಹರಿಯಲಿಲ್ಲ, ಸಾಲುಗಳ ನಡುವೆ ಹತ್ತು ಹನ್ನೆರಡು ದಿನ ನಿಂತಿತು.

ಎರೆ ಮಣ್ಣಿನ ಗುಣ ತಮಗೆ ಗೊತ್ತಿರುತ್ತದೆ. ನೀರು ಕುಡಿದು ಉಬ್ಬಿದರೆ ಗಾಳಿಗೂ ಎಡೆ ಬಿಡುವುದಿಲ್ಲ, ಒಣಗಿದರೆ ಅಂಗೈ ತೂರುವಷ್ಟು ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ನೀರು ನಿಂತಾಗ ಬೇರಿನ ಗಂಟುಗಳು ಉಸಿರುಗಟ್ಟಿ ಸತ್ತವು. ಕೆಳಗೆ ಇಳಿಯಬೇಕಾದ ಬೇರು ಇಳಿಯದೆ ಮೇಲ್ಮಣ್ಣಿನಲ್ಲೇ ನಿಂತಿತು. ನೀರು ಇಂಗಿತು, ಬಿಸಿಲು ಬಿತ್ತು, ಗಿಡ ಚೇತರಿಸಿಕೊಂಡಂತೆ ಕಂಡಿತು. ಹೂವೂ ಬಿಟ್ಟಿತು. ಕಾಳು ಕಟ್ಟುವ ದಿನಗಳು ಬಂದಾಗ ಆಳದಲ್ಲಿ ಹಸಿ ಇತ್ತು, ಆದರೆ ಅದನ್ನು ಮುಟ್ಟುವ ಬೇರು ಇರಲಿಲ್ಲ. ಒಣ ಬೇರು ಕೊಳೆಯ ಶಿಲೀಂಧ್ರ ಕಾಯುವುದು ಇಂಥ ಹೊತ್ತನ್ನೇ. ಮೇಲಿನ ಬಿಸಿ, ಬೇರಿನ ಬಾಯಾರಿಕೆ ಎರಡೂ ಸೇರಿದರೆ ಅದು ಹಬ್ಬುತ್ತದೆ. ಒಂದೇ ಗಿಡ ಒಂದೇ ವರ್ಷದಲ್ಲಿ ನೆರೆಯಿಂದಲೂ ಬರದಿಂದಲೂ ಸತ್ತಿತು.

ಇನ್ನು ಸಮೀಕ್ಷೆ. ಅಕ್ಟೋಬರ್‌ನಲ್ಲಿ ಕಂದಾಯ, ಕೃಷಿ ಇಲಾಖೆಗಳ ಜಂಟಿ ಸಮೀಕ್ಷೆಯವರು ಬಂದರು. ಮೊಬೈಲಿನಲ್ಲಿ ಫೋಟೊ ತೆಗೆದರು. ಗಿಡ ಹಸಿರಾಗಿತ್ತು, ತುದಿಯಲ್ಲಿ ಮೊಗ್ಗಿತ್ತು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾಗಿರಬೇಕು; ಕಣ್ಣಿಗೆ ಅಷ್ಟು ಕಾಣಲಿಲ್ಲ. ನನ್ನ ಪಹಣಿಯ ಸಂಖ್ಯೆ ಪಟ್ಟಿಗೆ ಸೇರಲಿಲ್ಲ. ರಾಜ್ಯ ಸರ್ಕಾರ ಕೇಂದ್ರದ ದರಕ್ಕೆ ತನ್ನ ಪಾಲಾಗಿ ಹೆಕ್ಟೇರಿಗೆ 8,500 ರೂಪಾಯಿ ಸೇರಿಸಿ ಖುಷ್ಕಿ ಬೆಳೆಗೆ 17,000 ರೂಪಾಯಿ ಕೊಡುವುದಾಗಿ ಹೇಳಿದ್ದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಮುಳುಗಿದ ಹೊಲದವರಿಗೆ ಅದು ಸಿಗಬೇಕಾದದ್ದೇ. ಆದರೆ ಅದೇ ಮಳೆಯಿಂದ ಬೇರು ಕಳೆದುಕೊಂಡು ಎರಡು ತಿಂಗಳ ನಂತರ ಸತ್ತ ಬೆಳೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಡಿಸೆಂಬರ್‌ನಲ್ಲಿ ಅರ್ಜಿ ಹಿಡಿದು ಹೋದರೆ ಸಮೀಕ್ಷೆ ಮುಗಿದಿದೆ ಎಂಬ ಉತ್ತರ. ಫೋಟೊದಲ್ಲಿ ಹಸಿರಾಗಿದ್ದದ್ದೇ ನನ್ನ ವಿರುದ್ಧ ಸಾಕ್ಷಿಯಾಯಿತು.

ನೆಟೆ ರೋಗ ಎಂದು ಹೇಳಿಕೊಂಡರೂ ಬಾಗಿಲು ತೆರೆಯುವುದಿಲ್ಲ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಬರ, ಪ್ರವಾಹ, ಆಲಿಕಲ್ಲು, ಮೇಘಸ್ಫೋಟ, ಶೀತಗಾಳಿ ಇವೆ. ಕೀಟ ದಾಳಿಯೂ ಇದೆ. ರೋಗ ಇಲ್ಲ. ಕಾಯಿಕೊರಕ ಹುಳು ತಿಂದರೆ ಅದು ವಿಪತ್ತು, ಶಿಲೀಂಧ್ರ ತಿಂದರೆ ಅಲ್ಲ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆಟೆಯಿಂದ ಸಾಲು ಸಾಲಾಗಿ ಒಣಗಿತು. ಆಗಿನ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಘೋಷಿಸಿತು. ಆದರೆ ಅದಕ್ಕಾಗಿ ರೈತರು ಬೀದಿಯಲ್ಲಿ ಕೂರಬೇಕಾಯಿತು, ವಿಶೇಷ ಪ್ಯಾಕೇಜಿನ ಹೆಸರಿನಲ್ಲಿ ಬೇಡಿ ಪಡೆಯಬೇಕಾಯಿತು. ಬೆಳೆ ಹೋದವರಿಗೆ ಪ್ರತಿ ಸಲ ಧರಣಿಯೇ ಅರ್ಜಿ ನಮೂನೆ ಆಗಬಾರದು.

2023 ಬೇರೆ ಕಥೆ. ಆ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಕಂಡ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೇಂದ್ರದ ನೆರವಿಗೆ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಹಣ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಯಲ್ಲಿ. ಅಷ್ಟರಲ್ಲಿ ನಾವು ಮುಂದಿನ ಬಿತ್ತಿಗೆಗೆ ಸಾಲ ಹುಡುಕುತ್ತಿದ್ದೆವು. ಆ ವರ್ಷದ ಬರ ಎಲ್ಲರ ಕಣ್ಣಿಗೆ ಕಂಡಿತು, ಹಾಗಾಗಿ ತಡವಾದರೂ ಲೆಕ್ಕಕ್ಕೆ ಸಿಕ್ಕಿತು. ಕಾಣದ ಬರವೂ ಇದೆ. ಕೇಂದ್ರದ 2016ರ ಬರ ಕೈಪಿಡಿ ಶುಷ್ಕ ಅವಧಿ ಎಂದು ಒಪ್ಪಬೇಕಾದರೆ ಮೂರು ನಾಲ್ಕು ವಾರ ಬಿಡದೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾಗಿರಬೇಕು. ಹದಿನೆಂಟನೆಯ ದಿನ ಒಂದು ರಾತ್ರಿ ರಪರಪನೆ ಸುರಿದು, ಬದು ಒಡೆದು, ಹಳ್ಳಕ್ಕೆ ಹರಿದು ಹೋದರೂ ಆ ವಾರ ಲೆಕ್ಕದಲ್ಲಿ ಮಳೆಯ ವಾರ. ಎಣಿಕೆ ಮತ್ತೆ ಒಂದರಿಂದ ಶುರು. ಕಪ್ಪು ಮಣ್ಣು ಹಸಿ ಹಿಡಿಯುತ್ತದೆ, ಮೂರು ವಾರ ತಡೆದುಕೊಳ್ಳುತ್ತದೆ ಎಂಬ ಎಣಿಕೆ ಹಿಂದಿನ ಮಳೆಗೆ ಸರಿ. ಬೇರು ಮೇಲೇ ನಿಂತ ವರ್ಷದಲ್ಲಿ ಹತ್ತು ದಿನದ ಬಿಸಿಲೂ ಸಾಕು.

ಮಾನ್ಯರೇ, ವಿಮೆಯ ಮಾತಿಗೆ ಬರುತ್ತೇನೆ. ನಾನು ಪ್ರತಿ ವರ್ಷ ಫಸಲ್ ಬಿಮಾ ಕಂತು ಕಟ್ಟುತ್ತೇನೆ. ಮುಂಗಾರಿಗೆ ವಿಮಾ ಮೊತ್ತದ ಶೇ 2 ರೈತರ ಪಾಲು. ಇಳುವರಿ ನಷ್ಟಕ್ಕೆ ಪರಿಹಾರ ಕೊಡುವುದು ನನ್ನ ಹೊಲ ನೋಡಿ ಅಲ್ಲ, ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ನೋಡಿ. ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ, ಅಂದರೆ ಒಂದೊಂದು ತುಂಡು ಜಾಗದ ಬೆಳೆ ಕೊಯ್ದು ತೂಗುತ್ತಾರೆ. ನಮ್ಮಲ್ಲಿ ಒಂದು ತುಂಡು ಮಡ್ಡಿಯ ಮೇಲಿನ ಹೊಲಕ್ಕೆ ಬಿತ್ತು. ಅಲ್ಲಿ ನೀರು ನಿಂತಿರಲಿಲ್ಲ, ಬೆಳೆ ಇತ್ತು. ಅದು ಯಾರ ತಪ್ಪೂ ಅಲ್ಲ. ಆದರೆ ಮೊದಲು ಒಂದು ಊರಿನ ಬೆಳೆ ಹೆಚ್ಚುಕಡಿಮೆ ಒಂದೇ ಥರ ಇರುತ್ತಿತ್ತು, ಈಗ ಒಂದು ಬದುವಿನ ಆಚೆ ಬೆಳೆ, ಈಚೆ ಕಡ್ಡಿ. ನಾಲ್ಕು ತುಂಡುಗಳು ಊರಿಗೆಲ್ಲ ಸಾಕ್ಷಿ ಹೇಳಲಾರವು.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇನ್ನೊಂದು. ಪಂಚಾಯಿತಿಯ ಸರಾಸರಿ ಖಾತರಿ ಇಳುವರಿಗಿಂತ ಕಡಿಮೆ ಬಂದರೆ ಮಾತ್ರ ಪರಿಹಾರ; ಆ ಖಾತರಿಯನ್ನು ಗೊತ್ತುಮಾಡುವುದು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿಯ ಮೇಲೆ. ಏಳರಲ್ಲಿ ಎರಡು ಕೆಟ್ಟ ವರ್ಷ ಇದ್ದರೆ ಅವು ಬಿಟ್ಟುಹೋಗುತ್ತವೆ. ನಿಯಮ ಮಾಡಿದವರು ಅಷ್ಟನ್ನೇ ನಿರೀಕ್ಷಿಸಿದ್ದರು. ಈಗ ಕೆಟ್ಟ ವರ್ಷಗಳು ಮೂರಾಗಿವೆ, ನಾಲ್ಕಾಗುತ್ತಿವೆ. ಎಕರೆಗೆ ನಾಲ್ಕು ವರ್ಷ ಐದು, ಐದು, ಐದು, ನಾಲ್ಕು ಕ್ವಿಂಟಲ್ ಬಂದು, ಮೂರು ವರ್ಷ ಎರಡು, ಎರಡು, ಒಂದು ಬಂತು ಎಂದಿಟ್ಟುಕೊಳ್ಳಿ. ಮೇಲಿನ ಐದರ ಸರಾಸರಿ 4.2. ಅದರ ಶೇ 80 ಖಾತರಿ ಎಂದರೆ ಸುಮಾರು ಮೂರು ಕ್ವಿಂಟಲ್ 36 ಕಿಲೊ. ಮುಂದಿನ ವರ್ಷ ಐದು ಕ್ವಿಂಟಲಿನ ಹಳೆಯ ವರ್ಷವೊಂದು ಪಟ್ಟಿಯಿಂದ ಹೊರಗೆ ಹೋಗಿ ಇನ್ನೊಂದು ಎರಡು ಕ್ವಿಂಟಲಿನ ವರ್ಷ ಒಳಗೆ ಬಂದರೆ ಸರಾಸರಿ 3.6ಕ್ಕೆ, ಖಾತರಿ ಎರಡು ಕ್ವಿಂಟಲ್ 88 ಕಿಲೊಗೆ ಇಳಿಯುತ್ತದೆ. ಹೀಗೆ ಬೆಳೆ ಕೆಟ್ಟಷ್ಟೂ ಖಾತರಿ ಕೆಳಗಿಳಿಯುತ್ತದೆ, ಅದು ಇಳಿದಷ್ಟೂ ನಾವು ನಷ್ಟ ಅನುಭವಿಸಿದರೂ ಕಾಗದದಲ್ಲಿ ನಷ್ಟವಾಗಿಲ್ಲ. ಹವಾಮಾನ ಕೆಡುವುದರಿಂದ ನಮ್ಮನ್ನು ಕಾಯಬೇಕಾದ ವಿಮೆಯನ್ನು ಕೆಟ್ಟ ಹವಾಮಾನವೇ ಕೊರೆದು ಹಾಕುತ್ತಿದೆ. ಇದನ್ನು ಲೆಕ್ಕ ಹಾಕಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ತೊಗರಿಯ ಸಾಲುಗಳ ನಡುವೆ ಸಜ್ಜೆ, ಹೆಸರು, ಎಳ್ಳು, ಪುಂಡಿ ಇರುತ್ತಿದ್ದವು. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತಿತ್ತು. ಈಗ ಕಣ್ಣು ಹಾಯಿಸಿದಷ್ಟು ದೂರ ತೊಗರಿ ಒಂದೇ, ಅದೂ ಅದೇ ಹೊಲಕ್ಕೆ ವರ್ಷ ವರ್ಷವೂ. ನೆಟೆಯ ಶಿಲೀಂಧ್ರ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಜೋಳ ಹಾಕಿ ಬೆಳೆ ಬದಲಿಸಿದರೆ ಕಡಿಮೆಯಾಗುತ್ತದೆ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಲೇ ಬಂದಿದ್ದಾರೆ. ಅವರು ಕೊಟ್ಟ ನೆಟೆ ತಡೆಯುವ ತಳಿಗಳಿಂದ ನಮಗೆ ಉಪಕಾರವಾಗಿದೆ. ಆದರೆ ನೆಟೆ ತಡೆಯುವ ತಳಿ ಒಣ ಬೇರು ಕೊಳೆಯನ್ನು ತಡೆಯಲೇಬೇಕೆಂದಿಲ್ಲ, ಅವೆರಡೂ ಬೇರೆ ಬೇರೆ ಶಿಲೀಂಧ್ರ. ಜೋಳ ಹಾಕದಿರಲು ನಮ್ಮ ಆಸೆಯೊಂದೇ ಕಾರಣವಲ್ಲ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಬಾಡಿಗೆ ಟ್ರ್ಯಾಕ್ಟರು, ಆಳು, ಔಷಧಿ ಎಲ್ಲ ಲೆಕ್ಕ ಹಾಕಿದವರು ಆ ಅಂಕಿಯ ಕಡೆಗೇ ವಾಲುತ್ತಾರೆ. ಬೆಳೆ ಬದಲಿಸಿದವರಿಗೆ ಮೊದಲ ಎರಡು ವರ್ಷ ಆಸರೆ ಇದ್ದರೆ ನಾನೇ ಎರಡು ಎಕರೆಗೆ ಜೋಳ ಹಾಕುತ್ತೇನೆ. ಬರೀ ಭಾಷಣದಿಂದ ಅದು ಆಗದು.

ನನ್ನ ಕೇಳಿಕೆಗಳು ದೊಡ್ಡವಲ್ಲ. ಕಂದಾಯ ಸಚಿವರಲ್ಲಿ ಮೊದಲನೆಯದು: ವಿಪತ್ತು ಪರಿಹಾರ ನಿಧಿಯ ಶೇ 10ರವರೆಗಿನ ಹಣವನ್ನು ರಾಜ್ಯವೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಲು ಅವಕಾಶವಿದೆ. ತೊಗರಿಯ ನೆಟೆ ಮತ್ತು ಬೇರು ಕೊಳೆಯನ್ನು ಆ ಪಟ್ಟಿಗೆ ಸೇರಿಸಿ. ಕೇಂದ್ರದ ಪಟ್ಟಿ ತಿದ್ದಲು ಪತ್ರ ಬರೆಯಿರಿ, ಆದರೆ ಅದು ಬರುವವರೆಗೆ ನಮ್ಮನ್ನು ಕಾಯಿಸಬೇಡಿ. ನೀರು ನಿಂತ ಹೊಲಗಳಿಗೆ ಒಂದೇ ಸಮೀಕ್ಷೆ ಸಾಲದು. ಕಾಯಿ ಕಟ್ಟುವ ಹೊತ್ತಿಗೆ, ಅಂದರೆ ಡಿಸೆಂಬರ್ ಮೊದಲ ವಾರದಲ್ಲಿ, ಇನ್ನೊಮ್ಮೆ ಬಂದು ನೋಡುವ ಆದೇಶ ಆಗಬೇಕು. ಗಿಡ ಹಸಿರಾಗಿದೆಯೇ ಎಂದಷ್ಟೇ ನೋಡದೆ ಒಂದು ಗಿಡ ಕಿತ್ತು ಬೇರು ನೋಡಲಿ. ಅದಕ್ಕೆ ಯಂತ್ರ ಬೇಡ, ಕೈ ಸಾಕು.

ಮಳೆಯ ಲೆಕ್ಕವನ್ನು ತಿಂಗಳಿಗೆ ಹಾಕಬೇಡಿ, ಬೆಳೆಯ ಹಂತಕ್ಕೆ ಹಾಕಿ. ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿರುವ ರಾಜ್ಯ ನಮ್ಮದು. ದಿನದ ಮಳೆ ತಮ್ಮ ಬಳಿಯೇ ಇದೆ. ಯಾವ ದಿನ ಎಷ್ಟು ಬಂತು, ಎಷ್ಟು ದಿನ ಬಿಟ್ಟಿತು, ಆಗ ತೊಗರಿ ಯಾವ ಹಂತದಲ್ಲಿತ್ತು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ನಾನು ಇಷ್ಟುದ್ದ ಬರೆದದ್ದೆಲ್ಲ ಒಂದು ಹಾಳೆಯಲ್ಲಿ ಕಾಣುತ್ತದೆ. ಆ ಹಾಳೆಯನ್ನು ಪಂಚಾಯಿತಿಯ ಗೋಡೆಗೂ ಅಂಟಿಸಿ.

ಕೃಷಿ ಸಚಿವರಲ್ಲಿ: ಬರ, ನೆರೆ ಅಥವಾ ನೆಟೆಯೆಂದು ಸರ್ಕಾರವೇ ಒಪ್ಪಿಕೊಂಡ ವರ್ಷಗಳನ್ನು ಖಾತರಿ ಇಳುವರಿಯ ಲೆಕ್ಕದಿಂದ ಪೂರ್ತಿ ಕೈಬಿಡುವಂತೆ ಕೇಂದ್ರದ ಮುಂದೆ ವಾದಿಸಿ. ಒಂದೇ ಪಂಚಾಯಿತಿಯಲ್ಲಿ ಮಡ್ಡಿಗೂ ತಗ್ಗಿಗೂ ಬೆಳೆ ಬೇರೆಯಾಗಿರುವಲ್ಲಿ ಕಟಾವು ಪ್ರಯೋಗಗಳನ್ನು ಹೆಚ್ಚಿಸಿ. ಕೃಷಿ ಭಾಗ್ಯ ಯೋಜನೆಯ ಹೊಂಡ ನಮ್ಮ ತಗ್ಗಿನ ಹೊಲಗಳಿಗೆ ಎರಡು ರೀತಿಯಲ್ಲಿ ಬೇಕು: ಆಗಸ್ಟ್‌ನಲ್ಲಿ ಹೆಚ್ಚಾದ ನೀರು ಹರಿದುಹೋಗಲು ಒಂದು ಜಾಗ, ನವೆಂಬರ್‌ನಲ್ಲಿ ಅದೇ ನೀರಿನಿಂದ ಒಂದು ಸಲ ಹಾಯಿಸಲು ಒಂದು ದಾರಿ. ಹೂವಿನ ಹೊತ್ತಿನಲ್ಲಿ ಒಂದು ನೀರು ಸಿಕ್ಕರೆ ತೊಗರಿ ಏನು ಮಾಡಬಲ್ಲದು ಎಂಬುದನ್ನು ಪಕ್ಕದ ಹೊಂಡದ ಹೊಲದಲ್ಲಿ ನಾನು ಕಂಡಿದ್ದೇನೆ. ಏರುಮಡಿಯ ಮೇಲೆ ಬಿತ್ತುವ ಕೂರಿಗೆ ಬಾಡಿಗೆಗೆ ಸಿಗುವಂತಾದರೆ ಸಣ್ಣ ಹಿಡುವಳಿಯವರೂ ನಿಂತ ನೀರಿನಿಂದ ಬೇರು ಉಳಿಸಿಕೊಂಡಾರು.

ಮೃಗಶಿರಾ ಮಳೆ ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ ಹುಟ್ಟುತ್ತದೆ. ಬೀಜ ಮನೆಗೆ ತರಬೇಕು, ವಿಮೆಯ ಕಂತು ಕಟ್ಟಬೇಕು, ಎರಡು ಎಕರೆಗೆ ಜೋಳವೋ ತೊಗರಿಯೋ ಎಂದು ತೀರ್ಮಾನಿಸಬೇಕು. ಅದಕ್ಕೆ ಮೊದಲು ತಮ್ಮ ಉತ್ತರ ಬರಲಿ ಎಂದು ಬೇಡಿಕೊಳ್ಳುತ್ತೇನೆ. ಕಿತ್ತ ಗಿಡವನ್ನು ಬೇರಿನ ಸಮೇತ ದನದ ಕೊಟ್ಟಿಗೆಯ ಅಡ್ಡತೊಲೆಗೆ ಕಟ್ಟಿಟ್ಟಿದ್ದೇನೆ. ತಾವಾಗಲಿ ತಮ್ಮ ಅಧಿಕಾರಿಗಳಾಗಲಿ ಬಂದರೆ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆರು ಎಕರೆ ಎರೆ ಹೊಲದ ತೊಗರಿ ಬೆಳೆಗಾರ್ತಿ,
ಕಲಬುರಗಿ ಜಿಲ್ಲೆ